ಸಿಡನ್‌ಹ್ಯಾಮ್ ಕೊರಿಯಾ ಪೀಡಿತ ಮಕ್ಕಳಿಗೆ ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಕೋರಿ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಇಲಾಖೆ, ಬೆಂಗಳೂರು

ಮಾನ್ಯರೇ,

ರುಮ್ಯಾಟಿಕ್ ಜ್ವರದ ಬೆನ್ನಿಗೆ ಕೊರಿಯಾಕ್ಕೆ ತುತ್ತಾದ ಮಕ್ಕಳ ಪೋಷಕರಾದ ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

ಗಂಟಲಿಗೆ ತಗಲುವ ಸ್ಟ್ರೆಪ್ಟೊಕಾಕಸ್ ಸೋಂಕನ್ನು ಎದುರಿಸಲು ದೇಹ ಹುಟ್ಟಿಸಿದ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಮೆದುಳಿನ ಮೇಲೆಯೇ ತಿರುಗಿಬೀಳುತ್ತವೆ. 5ರಿಂದ 15 ವರ್ಷದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಸಿಡನ್‌ಹ್ಯಾಮ್ ಕೊರಿಯಾ ಎನ್ನುವ ಈ ಕಾಯಿಲೆ ಹೆಚ್ಚು. ಕೈಕಾಲು, ಮುಖ ತಮ್ಮಷ್ಟಕ್ಕೆ ತಾವೇ ಕುಣಿಯುತ್ತವೆ. ದುಂಡಗೆ ಬರೆಯುತ್ತಿದ್ದ ಹುಡುಗಿಯ ಅಕ್ಷರ ಗೆರೆ ದಾಟಿ ಚೆಲ್ಲಾಪಿಲ್ಲಿಯಾಗುತ್ತದೆ, ಮಜ್ಜಿಗೆ ಲೋಟ ಕೈಜಾರುತ್ತದೆ, ಚಾಚಿದ ನಾಲಿಗೆ ಕ್ಷಣವೂ ನಿಲ್ಲದೆ ಒಳಗೆ ಸೇರುತ್ತದೆ. ಶಾಲೆಯಲ್ಲಿ ತುಂಟತನವೆಂದು ಪೆಟ್ಟು, ಊರಲ್ಲಿ ಗಾಳಿ ಮೆಟ್ಟಿದೆಯೆಂದು ತಾಯತ. ಅಷ್ಟರಲ್ಲಿ ಗಂಟಲು ನೋವು ಬಂದು ತಿಂಗಳುಗಳೇ ಕಳೆದಿರುವುದರಿಂದ ಆ ಸೋಂಕಿನ ಗುರುತು ಹುಡುಕುವ ಎ.ಎಸ್.ಓ. ರಕ್ತಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು. ಅದೊಂದನ್ನೇ ನೆಚ್ಚಿ ನಮ್ಮ ಮಕ್ಕಳನ್ನು ವಾಪಸ್ ಕಳುಹಿಸಿದ್ದೂ ಉಂಟು.

ಕುಣಿತ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ತೀವ್ರವಾಗಿದ್ದರೆ ವಾಲ್‌ಪ್ರೊಯೇಟ್, ಕೆಲವೊಮ್ಮೆ ಸ್ಟೀರಾಯ್ಡ್ ಕೊಡುತ್ತಾರೆ. ನಮಗಿರುವ ದೊಡ್ಡ ಭಯ ಹೃದಯದ್ದು. ಗಂಟಲ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟಗಳನ್ನೂ ಕೆಡಿಸಬಹುದು. ಸ್ಟೆತಸ್ಕೋಪಿಗೆ ಕೇಳದ ಹಾನಿ ಎಕೋದಲ್ಲಿ (ಹೃದಯದ ಸ್ಕ್ಯಾನ್) ಮಾತ್ರ ಸಿಕ್ಕಿಬೀಳುವುದುಂಟು. ಸೋಂಕು ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಬೇಕು. ಹೃದಯಕ್ಕೆ ತಾಗದಿದ್ದರೂ 5 ವರ್ಷ ಇಲ್ಲವೇ 18 ತುಂಬುವವರೆಗೆ, ಯಾವುದು ಹೆಚ್ಚೋ ಅಷ್ಟು ಕಾಲ. ತಾಗಿದ್ದರೆ ಇನ್ನೂ ದೀರ್ಘ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ, ದುಬಾರಿಯಲ್ಲದ ಈ ಮದ್ದು ನಮಗೆ ಹತ್ತಿರದಲ್ಲಿ ಸಿಗುತ್ತಿಲ್ಲ. ಒಮ್ಮೆ ದಾಸ್ತಾನಿಲ್ಲ, ಇನ್ನೊಮ್ಮೆ ಅಲರ್ಜಿಯಾದೀತೆಂಬ ಹಿಂಜರಿಕೆ. ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುವ ತಾಯಿ ಎಷ್ಟು ವರ್ಷ ತಪ್ಪದೆ ಬಂದಾಳು?

ಆದಕಾರಣ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಈ ಇಂಜೆಕ್ಷನ್ ವರ್ಷಪೂರ್ತಿ ಸಿಗುವಂತೆ ಮಾಡಬೇಕು. ಅಲರ್ಜಿಯಾದರೆ ಕೊಡಲು ಪಕ್ಕದಲ್ಲಿ ಅಡ್ರಿನಲಿನ್ ಇಟ್ಟುಕೊಂಡು ಧೈರ್ಯವಾಗಿ ಚುಚ್ಚುವಂತೆ ಸಿಬ್ಬಂದಿಗೆ ತರಬೇತಿ ಕೊಡಬೇಕು. ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳ ತಪಾಸಣೆಯಲ್ಲಿ ರುಮ್ಯಾಟಿಕ್ ಹೃದ್ರೋಗ ಈಗಾಗಲೇ ಸೇರಿದೆ. ಕೊರಿಯಾದ ಲಕ್ಷಣಗಳನ್ನೂ ಅವರಿಗೆ ಮನದಟ್ಟು ಮಾಡಿಸಬೇಕು. ಗುರುತಿಸಿದ ಪ್ರತಿ ಮಗುವಿಗೂ ಜಿಲ್ಲಾಸ್ಪತ್ರೆಯಲ್ಲಿ ಉಚಿತ ಎಕೋ ಆಗಬೇಕು. ಇಂಜೆಕ್ಷನ್ ದಿನ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುವ ವ್ಯವಸ್ಥೆ ಬೇಕು. ಕೈ ಹತೋಟಿಗೆ ಬರುವವರೆಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡುವಂತೆ ಶಾಲಾ ಶಿಕ್ಷಣ ಇಲಾಖೆಗೂ ತಾವೇ ಬರೆಯಬೇಕೆಂದು ವಿನಂತಿ.

ಎಲ್ಲಕ್ಕಿಂತ ಮೊದಲು, ಇಂಜೆಕ್ಷನ್ ದಾಸ್ತಾನಿನ ಆದೇಶವನ್ನು ತಡಮಾಡದೆ ಹೊರಡಿಸಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೊರಿಯಾ ಪೀಡಿತ ಮಕ್ಕಳ ಪೋಷಕರು