ವೇಗ ಆಮೇಲೆ, ಮೊದಲು ಬಡಿತ ನೋಡಿ

ಶಿಕಾರಿಪುರದ ಹುಚ್ಚರಾಯನ ಕೆರೆ ಕಡೆ ಓಡಿ, ಸೊರಬದ ಚಂದ್ರಗುತ್ತಿ ರಸ್ತೆಯಲ್ಲಿ ಓಡಿ, ಮುಗಿದ ತಕ್ಷಣ ಎಲ್ಲರೂ ವಾಚಲ್ಲಿ ನೋಡೋದು ಒಂದೇ: ಕಿಲೋಮೀಟರಿಗೆ ಎಷ್ಟು ನಿಮಿಷ? ನಿನ್ನೆಗಿಂತ ಹತ್ತು ಸೆಕೆಂಡ್ ಜಾಸ್ತಿ ಆದ್ರೆ ದಿನವಿಡೀ ಮುಖ ಸಪ್ಪೆ.

ಆದರೆ ಫಿಟ್‌ನೆಸ್ ಗೊತ್ತಾಗೋದು ಬರೀ ವೇಗದಿಂದ ಅಲ್ಲ. ಆ ವೇಗಕ್ಕೆ ಹೃದಯ ಎಷ್ಟು ದುಡಿಯಿತು ಅನ್ನೋದರಿಂದ.

ಲೆಕ್ಕ ಸುಲಭ. ನಿಮ್ಮ ವಯಸ್ಸನ್ನು 0.7ರಿಂದ ಗುಣಿಸಿ, ಬಂದಿದ್ದನ್ನು 208ರಲ್ಲಿ ಕಳೆಯಿರಿ. 30 ವರ್ಷದವರಿಗೆ 187. ಇದು ಗರಿಷ್ಠ ಬಡಿತದ ಅಂದಾಜು ಮಾತ್ರ, ಹತ್ತು ಆಚೀಚೆ ಇರಬಹುದು. ಅದರಲ್ಲಿ ಶೇ. 70ರಿಂದ 75, ಅಂದ್ರೆ ನಿಮಿಷಕ್ಕೆ ಸುಮಾರು 131ರಿಂದ 140 ಬಡಿತ, ಆರಾಮದ ಓಟ. ಜೊತೆಗಿರೋರ ಹತ್ತಿರ ಏದುಸಿರಿಲ್ಲದೆ ಮಾತಾಡೋಕೆ ಆಗ್ಬೇಕು.

ಈಗ ಪರೀಕ್ಷೆ. ಹದಿನೈದು ದಿನಕ್ಕೊಮ್ಮೆ ಅದೇ ದಾರಿ, ಅದೇ ಹೊತ್ತು, 4 ಕಿ.ಮೀ. ಓಡಿ. ಬಡಿತ 140 ದಾಟಬಾರದು. ಏರು ಬಂದ್ರೆ ನಡೀರಿ, ನಾಚಿಕೆ ಬೇಡ. ಹಿಡಿದ ಸಮಯ ಬರೆದಿಡಿ. ಮೊದಲು 34 ನಿಮಿಷ ಆಗಿದ್ದು ಎರಡು ತಿಂಗಳಿಗೆ 31 ಆಯ್ತು ಅಂದ್ಕೊಳ್ಳಿ. ಹೃದಯ ಅಷ್ಟೇ ಬಡಿದಿದೆ, ಕಾಲು ಬೇಗ ಮುಟ್ಟಿಸಿದೆ. ಇದೇ ನಿಜವಾದ ಸುಧಾರಣೆ.

ಕೆರೆ ಕಡೆಯ ಸಮತಟ್ಟು ದಾರಿಯನ್ನು ಏರಿಳಿತದ ರಸ್ತೆಗೆ ಹೋಲಿಸ್ಬೇಡಿ. ಏಪ್ರಿಲ್ ಸೆಕೆಯಲ್ಲಿ ಮೈ ತಂಪು ಮಾಡೋಕೂ ರಕ್ತ ಬೇಕು, ಹಾಗಾಗಿ ಅದೇ ವೇಗಕ್ಕೂ ಬಡಿತ ಏರುತ್ತೆ. ವಾಚಿನ ಪಟ್ಟಿ ಸಡಿಲ ಇದ್ರೆ ಲೆಕ್ಕ ತಪ್ಪುತ್ತೆ. ಎದೆಗೆ ಕಟ್ಟೋ ಬೆಲ್ಟ್ ಹೆಚ್ಚು ನಿಖರ. ಬೆಳಿಗ್ಗೆ ಹಾಸಿಗೆಯಲ್ಲೇ ಬಡಿತ ಎಣಿಸೋ ಅಭ್ಯಾಸ ಇಟ್ಕೊಳ್ಳಿ. ಎಂದಿಗಿಂತ ಎಂಟು-ಹತ್ತು ಜಾಸ್ತಿ ಇದ್ರೆ ನಿದ್ದೆ ಸಾಲದೆ ಇರಬಹುದು, ಜ್ವರ ಬರ್ತಿರಬಹುದು. ಅವತ್ತು ರಜಾ.

ಇನ್ನೊಂದು ಮಾತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ, ಮಕ್ಕಳು ಓಡೋಕೆ ಹೊರಟ್ರೆ ಎಷ್ಟೋ ಮನೆಗಳಲ್ಲಿ ಅಮ್ಮಂದಿರಿಗೆ ಭಯ. ಆ ಭಯಕ್ಕೆ ವಾಚ್ ಉತ್ತರ ಕೊಡಲ್ಲ. ಅದು ಬಡಿತ ಎಣಿಸುತ್ತೆ, ರಕ್ತನಾಳ ಕಟ್ಟಿಕೊಂಡಿದೆಯಾ ಅಂತ ಹೇಳಲ್ಲ. ಓಡುವಾಗ ಎದೆ ಬಿಗಿದ್ರೆ, ಕಣ್ಣು ಕತ್ತಲೆ ಬಂದ್ರೆ ಅಲ್ಲೇ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ರೆ, ಶೂ ಕೊಳ್ಳೋ ಮುಂಚೆಯೇ ಒಮ್ಮೆ ತೋರಿಸ್ಕೊಳ್ಳಿ.

ಈ ಭಾನುವಾರ ಮೊದಲ ಪರೀಕ್ಷೆ ಮಾಡಿ. ಯಾರಾದ್ರೂ ನಿಮ್ಮನ್ನು ದಾಟಿ ಹೋದ್ರೆ ಹೋಗಲಿ ಬಿಡಿ.