ಜ್ವರದ ಮಾತ್ರೆ ಬೆಕ್ಕಿಗಲ್ಲ



ಛತ್ರಪತಿ ಸಂಭಾಜಿನಗರದ ಚಿಕಲಠಾಣಾ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಕನ್ನಡಿಗ ನಾನು. ನಮ್ಮ ಕಡೆ ಸಾಕಿದ ಪ್ರಾಣಿಗೆ ಕಾಯಿಲೆ ಬಂದರೆ ಕೈ ಮೊದಲು ಹೋಗುವುದು ಮನೆಯ ಮಾತ್ರೆ ಡಬ್ಬಿಗೆ. ಪಕ್ಕದ ಮನೆಯವರು ಮೈ ಬಿಸಿಯಾದ ಬೆಕ್ಕಿಗೆ ಅರ್ಧ ಪ್ಯಾರಾಸಿಟಮಾಲ್ ತಿನ್ನಿಸಿದರು. ಸಂಜೆಯೊಳಗೆ ವಸಡು ಕಂದಿತು, ಮುಖ ಊದಿತು, ಬೆಕ್ಕು ಉಳಿಯಲಿಲ್ಲ. ಆ ಔಷಧವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಲು ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಹೋಗುತ್ತದೆ. ಮಗುವಿನ ಡೋಸ್ ಕೂಡ ಅದಕ್ಕೆ ವಿಷವೇ.

ನಾಯಿಮರಿಗಳ ಪಾರ್ವೊ ರೋಗದ್ದೂ ಇದೇ ಕಥೆ. ವಾಂತಿ, ರಕ್ತಭೇದಿ ಶುರುವಾದರೂ ಮೊಸರನ್ನ ಕೊಟ್ಟು ಎರಡು ದಿನ ಕಾಯುತ್ತೇವೆ. ಅಷ್ಟರಲ್ಲಿ ಮೈಯ ನೀರೆಲ್ಲ ಬತ್ತಿರುತ್ತದೆ. ಬೇಕಿದ್ದುದು ಅಂದೇ ಡ್ರಿಪ್. ಈ ರೋಗ ತಡೆಯುವ ಲಸಿಕೆ ಮರಿಗೆ 6–8 ವಾರವಾದಾಗ ಶುರುವಾಗಿ, 3–4 ವಾರಕ್ಕೊಮ್ಮೆಯಂತೆ 16 ವಾರ ತುಂಬುವವರೆಗೆ ನಡೆಯಬೇಕು. ಒಂದು ಚುಚ್ಚಿಸಿದರೆ ಮುಗಿಯಿತು ಎಂದು ನಾನೂ ತಿಳಿದಿದ್ದೆ! ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಸತ್ತ ಮರಿಯ ಜಾಗಕ್ಕೆ ಲಸಿಕೆಯಾಗದ ಇನ್ನೊಂದನ್ನು ತಕ್ಷಣ ತರಬಾರದು.

ತಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಪಶುವೈದ್ಯರೊಬ್ಬರಿಂದ ಇಂಥ ವಿಷಯಗಳನ್ನು ಬರೆಸಲು ಕೋರುತ್ತೇನೆ.

– ಒಬ್ಬ ಓದುಗ, ಚಿಕಲಠಾಣಾ