ಉಚ್ಚಾರಣೆ ತೆಗೆದರೆ ನಗು ಉಳಿಯುತ್ತಾ?

ವಾರಾಂತ್ಯದ ಕಾಮಿಡಿ ಶೋ ನೋಡುವವರಿಗೆ ಈ ಪಾತ್ರಗಳನ್ನು ಪರಿಚಯಿಸಬೇಕಿಲ್ಲ. ಕುಡಿದು ತೂರಾಡುವ ಗಂಡ, ಸೀರೆ ಉಟ್ಟ ಗಂಡಸು, ಜೋರುಬಾಯಿಯ ಅತ್ತೆ, ಮತ್ತು ಮಾತು ಮಾತಿಗೂ 'ರೀ' ಎನ್ನುವ ಉತ್ತರ ಕರ್ನಾಟಕದವನು. ನನ್ನ ತಕರಾರು ಈ ಕೊನೆಯವನ ಬಗ್ಗೆ.

ಒಂದೇ ಪಾತ್ರ ಮತ್ತೆ ಮತ್ತೆ ಬರುವುದು ತಪ್ಪೇನಲ್ಲ. ಯಕ್ಷಗಾನದ ಹಾಸ್ಯಗಾರ ಪ್ರಸಂಗ ಬದಲಾದರೂ ಬರುತ್ತಾನೆ, ಜನ ಅವನಿಗಾಗಿ ಕಾಯುತ್ತಾರೆ. ಸ್ಕಿಟ್‌ಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಹೊಸ ಮನುಷ್ಯನನ್ನು ಕಟ್ಟಿ ನಿಲ್ಲಿಸುವುದು ಕಷ್ಟ. ಪರಿಚಿತ ಮುಖ ಬಂದರೆ ಮೊದಲ ಮಾತಿಗೇ ನಗು ಸಿಗುತ್ತದೆ.

ಈ ಕೆಲಸ ಚೆನ್ನಾಗಿ ಆದದ್ದಕ್ಕೆ 'ಮಜಾ ಟಾಕೀಸ್'ನ ವರಲಕ್ಷ್ಮಿ ಸಾಕ್ಷಿ. ಅಪರ್ಣಾ ಎಂದರೆ ಅಚ್ಚುಕಟ್ಟಾದ ಕನ್ನಡ, ನಮ್ಮ ಮೆಟ್ರೋದಲ್ಲಿ ಕೇಳುವ ದನಿ. ಅಂಥವರು ತನ್ನನ್ನು ತಾನೇ 'ಒನ್ ಆ್ಯಂಡ್ ಓನ್ಲಿ' ಎಂದು ಹೊಗಳಿಕೊಳ್ಳುವ ಹೆಂಗಸಾದರು. ನಾವು ನಕ್ಕಿದ್ದು ಆಕೆಯ ಜಂಬಕ್ಕೆ. ಜಂಬ ಯಾವ ಜಿಲ್ಲೆಯ ಸ್ವತ್ತೂ ಅಲ್ಲ. 2024ರ ಜುಲೈನಲ್ಲಿ ಅಪರ್ಣಾ ತೀರಿಕೊಂಡಾಗ ಜನ ನಿರೂಪಕಿಯ ಜೊತೆ ವರಲಕ್ಷ್ಮಿಯನ್ನೂ ನೆನೆದರು.

ನಮ್ಮ ಕಡೆಯವನ ಪಾತ್ರಕ್ಕೆ ಇಂಥ ಗುಣವೇ ಇರುವುದಿಲ್ಲ. ಧಾರವಾಡದ ಮಾತು ಬೇರೆ, ವಿಜಯಪುರದ್ದು ಬೇರೆ, ಕಲಬುರಗಿಯದು ಇನ್ನೂ ಬೇರೆ. ಸ್ಕಿಟ್‌ನಲ್ಲಿ ಎಲ್ಲ ಕಲಸಿ ಒಂದೇ ಮುದ್ದೆ. ಅವನಿಗೆ ಆಸೆಯಿಲ್ಲ, ಸಿಟ್ಟಿಲ್ಲ, ಕಿಲಾಡಿತನವೂ ಇಲ್ಲ; ಉಚ್ಚಾರಣೆ ಮಾತ್ರ ಇದೆ. ಗಂಗಾವತಿ ಪ್ರಾಣೇಶ್ ಇದೇ ಸೀಮೆಯ ಭಾಷೆಯಲ್ಲಿ ಗಂಟೆಗಟ್ಟಲೆ ನಗಿಸುತ್ತಾರೆ. ಆದರೆ ಅಲ್ಲಿ ಆ ಭಾಷೆ ಲೋಕವನ್ನು ನೋಡಿ ನಗುತ್ತದೆ. ಇಲ್ಲಿ ಲೋಕ ಆ ಭಾಷೆಯನ್ನು ನೋಡಿ ನಗುತ್ತದೆ.

ಇದರ ಬೆಲೆ ತೆರುವವರು ನಮ್ಮ ಹುಡುಗರು. ಬೆಂಗಳೂರಿನಲ್ಲಿ ಬಾಯಿ ತೆರೆದರೆ ಸಾಕು, 'ಕಾಮಿಡಿ ಶೋ ಥರ ಮಾತಾಡ್ತೀಯ' ಎನ್ನುತ್ತಾರೆ. ಬರಗಾಲದ ಬಗ್ಗೆ ಲೈವ್ ಕೊಡುವಾಗ ನನಗೂ ಸ್ಟುಡಿಯೊದಿಂದ 'ನೀಟಾಗಿ ಮಾತಾಡಿ' ಎಂದು ಬಂದದ್ದಿದೆ. ಮೇವಿಲ್ಲದೆ ದನ ಮಾರಿದ ರೈತನ ಮಾತು ಕೇಳುಗನ ಕಿವಿಗೆ ಮೊದಲು ಜೋಕಾಗಿ ಬಿದ್ದರೆ, ಸುದ್ದಿ ಅಲ್ಲಿಗೇ ಸತ್ತಂತೆ.

ಇನ್ನು ಅಣಕದ ವಿಷಯ. ಸಿನಿಮಾ ದೃಶ್ಯ, ಧಾರಾವಾಹಿಯ ಸೊಸೆ, ಕಿರುಚುವ ಆ್ಯಂಕರ್ ಎಲ್ಲರ ಅಣಕವೂ ಆಗುತ್ತದೆ. ಆ್ಯಂಕರ್ ಅಣಕ ನನಗೆ ಇಷ್ಟ, ನಮ್ಮ ವೃತ್ತಿಗೆ ಆ ಕನ್ನಡಿ ಬೇಕು. ಆದರೆ ಶಾಸಕ, ಗುತ್ತಿಗೆದಾರ, ತಾಲ್ಲೂಕು ಕಚೇರಿಯ ಲಂಚ ಬರುವುದು ಅಪರೂಪ. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ವನ್ನು ಊರೂರಿಗೆ ಒಯ್ದ ನಾಡಿದು. ಅಧಿಕಾರವನ್ನು ಗೇಲಿ ಮಾಡಿದರೆ ಜನ ಟಿಕೆಟ್ ಕೊಂಡು ಬರುತ್ತಾರೆಂದು ಅವರು ತೋರಿಸಿದ್ದರು.

ಈ ಶೋಗಳು ಹಳ್ಳಿಯ ಕಲಾವಿದರಿಗೆ ಬಾಗಿಲು ತೆರೆದದ್ದು ನಿಜ. 'ಕಾಮಿಡಿ ಕಿಲಾಡಿಗಳು' ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ಅವರ ಹೆಸರಲ್ಲೇ ಊರಿದೆ. ಹಾಗಾಗಿಯೇ ಶೋ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಬರೆಯುವವರು ಒಂದು ಪರೀಕ್ಷೆ ಮಾಡಿ ನೋಡಲಿ. ಪಾತ್ರದ ಮಾತನ್ನು ಪುಸ್ತಕದ ಕನ್ನಡಕ್ಕೆ ಬದಲಿಸಿ ಓದಲಿ. ಆಗಲೂ ನಗು ಬಂದರೆ ಅದು ಹಾಸ್ಯ. ಬರದಿದ್ದರೆ ಅಲ್ಲಿದ್ದದ್ದು ನಮ್ಮ ಭಾಷೆಯ ಅವಮಾನ ಮಾತ್ರ.